ಡಿಸ್ಕ್ ಜಾರಿದೆ, ಆಪರೇಷನ್ ಆಗಬೇಕು ಎಂದರೆ



ಈ ಪುಟದಲ್ಲಿ ಕೆಚ್ಚಲು ಬಾವು, ಖನಿಜ ಮಿಶ್ರಣ, ಗರ್ಭ ಕಟ್ಟದ ಹಸು ಎಂದು ದನಗಳ ಆರೋಗ್ಯದ ಮಾತೇ ಹೆಚ್ಚು. ಈ ಸಲದ ಪಾಠ ದನ ಸಾಕುವವರ ಸೊಂಟದ್ದು. ಮಹಿಳಾ ಸಂಘಗಳ ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ಒಬ್ಬರಾದರೂ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ಮೇಡಂ, ಸ್ಕ್ಯಾನಿಂಗ್ ಮಾಡಿಸಿದೆ. ಡಿಸ್ಕ್ ಜಾರಿ ನರ ಒತ್ತಿದೆಯಂತೆ. ಆಪರೇಷನ್ ಮಾಡಿಸಿ ಅಂತಾರೆ. ಮಾಡಿಸಿದರೆ ಕಾಲು ಬಿದ್ದುಹೋಗುತ್ತೆ ಅಂತ ಊರಲ್ಲಿ ಹೆದರಿಸ್ತಾರೆ. ನಾನೇನು ಮಾಡಲಿ?"

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಡಿಸ್ಕ್ ತೊಂದರೆ ಇರುವ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಕೆಲವೇ ಕೆಲವರಿಗೆ ಒಂದು ದಿನವೂ ತಡ ಮಾಡುವಂತಿಲ್ಲ. ಇವೆರಡರ ನಡುವೆ ಇರುವವರು ಮಾತ್ರ ಕೂತು ಯೋಚಿಸಿ, ಮನೆಯ ಸ್ಥಿತಿ ನೋಡಿ ತೀರ್ಮಾನ ಮಾಡಬೇಕು. ನೀವು ಈ ಮೂರರಲ್ಲಿ ಯಾವ ಗುಂಪಿನವರು ಎಂದು ತಿಳಿದುಕೊಳ್ಳುವುದೇ ಮೊದಲ ಕೆಲಸ.

ಜಾರುವುದು ಏನು?

ನಮ್ಮ ಬೆನ್ನುಹುರಿಯನ್ನು ಕಾಯುವ ಬೆನ್ನೆಲುಬಿನಲ್ಲಿ ಒಂದರ ಮೇಲೊಂದು ಕೂತ, ಅಲುಗಾಡುವ 24 ಮೂಳೆಗಳಿವೆ. ಸೊಂಟದ ಭಾಗದಲ್ಲಿರುವುದು ಐದು. ಎರಡು ಮೂಳೆಗಳ ನಡುವೆ ಮೆತ್ತೆಯಂತೆ ಇರುವುದೇ ಡಿಸ್ಕ್. ಅದನ್ನು ಕಡುಬಿಗೆ ಹೋಲಿಸಬಹುದು. ಹೊರಗೆ ಗಟ್ಟಿಯಾದ ಪದರ, ಒಳಗೆ ಮೆತ್ತನೆಯ ಹೂರಣ. ಕಡುಬನ್ನು ಒಂದೇ ಬದಿಯಲ್ಲಿ ಬಲವಾಗಿ ಒತ್ತಿದರೆ ಇನ್ನೊಂದು ಬದಿಯ ಅಂಚು ಬಿರಿದು ಹೂರಣ ಹೊರಗೆ ಬರುತ್ತದಲ್ಲ, ಇಲ್ಲೂ ಹಾಗೆಯೇ. ಹೊರಬಂದ ಭಾಗ ಪಕ್ಕದಲ್ಲೇ ಹಾದುಹೋಗುವ ನರಕ್ಕೆ ತಾಗುತ್ತದೆ, ಅಲ್ಲಿ ಊತವೂ ಬರುತ್ತದೆ. ಆ ನರ ಕಾಲಿಗೆ ಹೋಗುವುದರಿಂದ ತೊಂದರೆ ಸೊಂಟದಲ್ಲಿದ್ದರೂ ನೋವು ಪೃಷ್ಠದಿಂದ ತೊಡೆಯ ಹಿಂಭಾಗ, ಮೀನಖಂಡ, ಪಾದದವರೆಗೆ ಕರೆಂಟು ಹೊಡೆದಂತೆ ಎಳೆಯುತ್ತದೆ. ಕೆಮ್ಮಿದರೆ, ಸೀನಿದರೆ ಹೆಚ್ಚಾಗುತ್ತದೆ. ಸೊಂಟದ ಡಿಸ್ಕ್ ತೊಂದರೆ ಬಹುಪಾಲು ಕೆಳಗಿನ ಎರಡು ಡಿಸ್ಕ್‌ಗಳಲ್ಲೇ ಬರುತ್ತದೆ. ವರದಿಯಲ್ಲಿ ಎಲ್‌4-ಎಲ್‌5, ಎಲ್‌5-ಎಸ್‌1 ಎಂದು ಬರೆದಿರುವುದು ಇವನ್ನೇ.

"ಜಾರಿದೆ" ಎನ್ನುವ ಮಾತೇ ಅರ್ಧ ತಪ್ಪು. ಡಿಸ್ಕ್ ತಟ್ಟೆಯ ಹಾಗೆ ಜಾರಿ ಪಕ್ಕಕ್ಕೆ ಹೋಗುವುದಿಲ್ಲ. ಆದ್ದರಿಂದ ಎಣ್ಣೆ ಹಚ್ಚಿ ಉಜ್ಜಿ, ಸೊಂಟ ತಿರುಗಿಸಿ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿ ಅದನ್ನು ಒಳಗೆ ಕೂರಿಸಲು ಆಗುವುದಿಲ್ಲ. ಬರೀ ಉಳುಕಿಗೆ ಬಿಸಿ ಎಣ್ಣೆಯಿಂದ ಹಾಯೆನಿಸಬಹುದು. ನರ ಒತ್ತಿರುವ ಸೊಂಟವನ್ನು ತುಳಿಸುವುದು ಮಾತ್ರ ಬೇಡ.

ನಮ್ಮ ಕೆಲಸವೂ ಸೊಂಟಕ್ಕೆ ಹಗುರವಲ್ಲ. 50 ಕೆಜಿಯ ಪಶು ಆಹಾರದ ಮೂಟೆ, ಹಸಿ ಹುಲ್ಲಿನ ಹೊರೆ, ನೆಲದಿಂದ ಎತ್ತಿ ಹಾಗೇ ಸೊಂಟ ತಿರುಗಿಸಿ ತಿಪ್ಪೆಗೆ ಹಾಕುವ ಸೆಗಣಿ ಪುಟ್ಟಿ ಇದ್ದದ್ದೇ. ಬಗ್ಗುವುದು, ಭಾರ ಎತ್ತುವುದು, ತಿರುಗುವುದು, ಮೂರೂ ಒಟ್ಟಿಗೆ ಆಗುವುದು ಡಿಸ್ಕಿಗೆ ಬಲು ಕಷ್ಟ. ಹಾಗೆಂದು ಭಾರ ಎತ್ತದವರಿಗೆ ಇದು ಬರುವುದಿಲ್ಲ ಎಂದಲ್ಲ. ವಯಸ್ಸು, ವಂಶ, ಮೈತೂಕ ಎಲ್ಲದರ ಪಾಲೂ ಇದೆ. "ಹೆರಿಗೆಯಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದಲೇ ಹೀಗಾಯಿತು" ಎಂದು ಬಹಳ ಮಂದಿ ನಂಬಿದ್ದಾರೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಆದರೆ ವರ್ಷಗಟ್ಟಲೆ ಕಾಡುವ ಸೊಂಟ ನೋವಿಗೆ ಅದು ಕಾರಣ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಸೊಂಟ ನೋವು, ಬಿಳಿ ಸೆರಗು ಎಂದು ಹೋದ ಹೆಂಗಸರ ಗರ್ಭಕೋಶವನ್ನೇ ಅನಗತ್ಯವಾಗಿ ತೆಗೆದ ದೂರುಗಳು ನಮ್ಮ ರಾಜ್ಯದ ಕಲಬುರಗಿ, ಹಾವೇರಿ ಜಿಲ್ಲೆಗಳಿಂದ ಬಂದು, ತನಿಖೆಯೂ ನಡೆದದ್ದು ನಿಮಗೆ ನೆನಪಿರಬಹುದು. ಡಿಸ್ಕಿನಿಂದ ಕಾಲಿಗೆ ಎಳೆಯುವ ನೋವು ಗರ್ಭಕೋಶ ತೆಗೆಸಿದರೆ ಹೋಗುವುದಿಲ್ಲ.

ಇವಿದ್ದರೆ ಬೆಳಗಾಗುವವರೆಗೂ ಕಾಯಬೇಡಿ

ಕೆಳಗಿನ ಲಕ್ಷಣಗಳನ್ನು ಎರಡು ಸಲ ಓದಿ. ಓದಲು ಬಾರದ ನೆರೆಯವರಿಗೂ ಓದಿ ಹೇಳಿ. ಹೇಳಲು ನಾಚಿಕೆಯಾಗುವ ಜಾಗದ ಮಾತಾದ್ದರಿಂದ ನಮ್ಮ ಹೆಂಗಸರು ಇವನ್ನೇ ಮುಚ್ಚಿಡುವುದು.

ಮೂತ್ರ ಕಟ್ಟಿದೆ, ಹೊಟ್ಟೆ ತುಂಬಿದಂತಿದ್ದರೂ ಹೋಗಲು ಆಗುತ್ತಿಲ್ಲ. ಅಥವಾ ಗೊತ್ತಿಲ್ಲದೆ ಸೋರುತ್ತಿದೆ. ಮಲ ಹಿಡಿದುಕೊಳ್ಳಲು ಆಗುತ್ತಿಲ್ಲ. ತೊಡೆಸಂದು, ಮೂತ್ರದ ಜಾಗ, ಗುದದ ಸುತ್ತ ಜೋಮು ಹಿಡಿದಿದೆ, ತೊಳೆದುಕೊಳ್ಳುವಾಗ ನೀರು ಬಿದ್ದದ್ದೂ ತಿಳಿಯುತ್ತಿಲ್ಲ. ಎರಡೂ ಕಾಲಿನ ಬಲ ಕುಂದುತ್ತಿದೆ.

ಸೊಂಟ ನೋವಿನ ಜೊತೆ ಇವುಗಳಲ್ಲಿ ಒಂದು ಕಂಡರೂ ಬೆನ್ನೆಲುಬಿನ ಕೆಳಗಿನ ನರಗಳ ಕಟ್ಟೇ ಒತ್ತಿಹೋಗಿರಬಹುದು ಎಂದು ತಿಳಿಯಬೇಕು. ಇದು ಅಪರೂಪ. ಆದರೆ ಬಂದಾಗ ಗಂಟೆಗಳ ಲೆಕ್ಕ. ಸಾಮಾನ್ಯವಾಗಿ 48 ಗಂಟೆಯೊಳಗೆ, ಆದಷ್ಟೂ ಬೇಗ, ಒತ್ತಡ ತೆಗೆಯಬೇಕು ಎನ್ನುತ್ತಾರೆ ಶಸ್ತ್ರಚಿಕಿತ್ಸಕರು. ತಡವಾದರೆ ಮೂತ್ರದ ಹಿಡಿತ ಮತ್ತೆ ಬಾರದೇ ಹೋಗಬಹುದು. ಇಲ್ಲಿ ಆಪರೇಷನ್ ಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ. ಹಾಲು ಕರೆದ ಹಸು ಕೊಟ್ಟಿಗೆಯಲ್ಲಿ ಮಲಗಿ ಏಳದಿದ್ದರೆ ರಾತ್ರಿಯಾದರೂ 1962ಕ್ಕೋ ಪಶುವೈದ್ಯರಿಗೋ ಫೋನ್ ಮಾಡುತ್ತೀರಿ. ನಿಮ್ಮ ಪಾಲಿಗೆ ಆ ನಂಬರು 108.

ಇದರಷ್ಟು ತುರ್ತಲ್ಲದಿದ್ದರೂ ಒಂದೆರಡು ದಿನದಲ್ಲೇ ತೋರಿಸಬೇಕಾದದ್ದು ಪಾದದ ಬಲ ಕುಂದುವುದು. ಮನೆಯಲ್ಲೇ ನೋಡಿಕೊಳ್ಳಬಹುದು. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ಇಡಿ, ಆಮೇಲೆ ತುದಿಗಾಲಿನಲ್ಲಿ ನಾಲ್ಕು ಹೆಜ್ಜೆ. ಒಂದು ಕಾಲಿನಲ್ಲಿ ಆಗುತ್ತಿಲ್ಲ, ಪಾದ ನೆಲಕ್ಕೆ ಎಳೆದುಕೊಂಡು ಹೋಗುತ್ತದೆ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುವುದಿಲ್ಲ ಎಂದರೆ ನರದ ಕೆಲಸ ಕುಂದುತ್ತಿದೆ ಎಂದರ್ಥ. ನೋವು ಇದ್ದಕ್ಕಿದ್ದಂತೆ ಹೋಗಿ ಕಾಲು ಸೋತಿದ್ದರೆ ವಾಸಿಯಾಯಿತು ಎಂದು ಸಂತೋಷಪಡಬೇಡಿ.

ಜ್ವರ ಇದ್ದರೆ "ನಾನು ದನ ಸಾಕುತ್ತೇನೆ" ಎಂದು ಹೇಳಿ

ಸೊಂಟ ನೋವಿನ ಜೊತೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಅದು ಡಿಸ್ಕ್ ಅಲ್ಲದೇ ಇರಬಹುದು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವೇನಲ್ಲ. ನಮಗೆ ಇನ್ನೊಂದು ಕಾರಣವೂ ಇದೆ: ಬ್ರುಸೆಲ್ಲೋಸಿಸ್, ಅಂದರೆ ಕಂದು ಹಾಕುವ ರೋಗ. ಕಂದು ಹಾಕಿದ ಹಸುವಿನ ಸತ್ತ ಕರು, ಕಸ, ಸ್ರಾವವನ್ನು ಬರಿಗೈಯಲ್ಲಿ ಮುಟ್ಟಿದರೆ, ಹಸಿ ಹಾಲು ಕುಡಿದರೆ ಅದು ಮನುಷ್ಯರಿಗೂ ಬರುತ್ತದೆ. ಸೊಂಟದ ಕೀಲು, ಬೆನ್ನುಮೂಳೆಗಳಲ್ಲಿ ಕೂರುತ್ತದೆ. ಊರಿನ ಡಾಕ್ಟರರಿಗೆ ನೀವು ಹೇಳದಿದ್ದರೆ ಈ ಅನುಮಾನ ಬರುವುದೇ ಕಷ್ಟ. ನಿಮ್ಮ ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದರೆ ಅದನ್ನೂ ಹೇಳಿ, ರಕ್ತ ಪರೀಕ್ಷೆ ಬೇಕೇ ಎಂದು ಕೇಳಿ. ಇದಕ್ಕೆ ವಾರಗಟ್ಟಲೆ ತಪ್ಪದೆ ತೆಗೆದುಕೊಳ್ಳುವ ಮಾತ್ರೆ-ಇಂಜೆಕ್ಷನ್ ಇದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಲು ಬಂದಾಗ ಕಟ್ಟಿ ನಿಲ್ಲಿಸಿ ಎಂದು ನಾವು ಒತ್ತಾಯ ಮಾಡುವುದು ಇದಕ್ಕೂ ಸೇರಿಸಿ.

ಸ್ಕ್ಯಾನ್ ನೋಡಿ ಹೆದರಬೇಡಿ

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು. ಆದರೆ ಎಂಆರ್‌ಐ ತೋರಿಸುವುದೆಲ್ಲ ರೋಗವಲ್ಲ. ಸೊಂಟ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ 2015ರ ಒಂದು ಅಧ್ಯಯನದಲ್ಲಿ, 20ರ ವಯಸ್ಸಿನವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿನವರಲ್ಲಿ ನೂರಕ್ಕೆ 84 ಮಂದಿಗೆ. ತಲೆಕೂದಲು ನೆರೆತ ಹಾಗೆ ಡಿಸ್ಕೂ ಸವೆಯುತ್ತದೆ.

ಹಾಗಾಗಿ ವರದಿಯಲ್ಲಿ ಮೂರು ಕಡೆ ಉಬ್ಬು ಎಂದು ಬರೆದಿದ್ದರೂ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಕಾಲು ನೋಯುವ ಜಾಗ, ಪರೀಕ್ಷೆಯಲ್ಲಿ ಕಂಡದ್ದು, ಫಿಲಂನಲ್ಲಿ ಕಾಣುವ ಒತ್ತಡ, ಮೂರೂ ಒಂದೇ ನರವನ್ನು ತೋರಿಸುತ್ತಿವೆಯೇ? ಎಡಗಾಲು ನೋಯುವವರಿಗೆ ಬಲಬದಿಯ ಉಬ್ಬು ತೆಗೆದರೆ ಏನು ಬಂತು? ನಿಮ್ಮನ್ನು ಮಂಚದ ಮೇಲೆ ಮಲಗಿಸಿ, ಕಾಲು ನೇರವಾಗಿ ಎತ್ತಿಸಿ, ಹೆಬ್ಬೆರಳಿನ ಬಲ ನೋಡದೆ, ಬರೀ ಫಿಲಂ ಹಿಡಿದು ಆಪರೇಷನ್ ತಾರೀಖು ಕೊಟ್ಟರೆ ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳುವುದು ನ್ಯಾಯ.

ಕಾಯುವುದೂ ಒಂದು ಚಿಕಿತ್ಸೆ

ತುರ್ತು ಲಕ್ಷಣ ಇಲ್ಲದವರಲ್ಲಿ ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಕಾಲು ನೋವು ಸಾಕಷ್ಟು ಇಳಿಯುತ್ತದೆ. ಹೊರಬಂದ ಡಿಸ್ಕಿನ ತುಂಡನ್ನು ಬಹಳ ಮಂದಿಯಲ್ಲಿ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಸ್ಕ್ಯಾನಿನಲ್ಲಿ ದೊಡ್ಡದಾಗಿ ಹೊರಚಾಚಿ ಹೆದರಿಸುವ ತುಂಡುಗಳೇ ಹೆಚ್ಚು ಕರಗುತ್ತವೆ ಎನ್ನುವುದು ವಿಚಿತ್ರವಾದರೂ ನಿಜ.

ಕಾಯುವುದು ಎಂದರೆ ತಿಂಗಳುಗಟ್ಟಲೆ ಚಾಪೆ ಹಿಡಿಯುವುದಲ್ಲ. ಒಂದೆರಡು ದಿನಕ್ಕಿಂತ ಹೆಚ್ಚು ಪೂರ್ತಿ ಮಲಗಿದರೆ ಸ್ನಾಯು ಸೋಲುತ್ತದೆ. ಹಾಗೆಂದು ಎಂದಿನಂತೆ ಮೂಟೆ ಹೊರುವುದೂ ಅಲ್ಲ, ನಮ್ಮಲ್ಲಿ ಆಗುವ ತಪ್ಪು ಹೆಚ್ಚಾಗಿ ಇದೇ. ಮನೆಯ ಸುತ್ತ ದಿನಕ್ಕೆ ನಾಲ್ಕಾರು ಸಲ ಸ್ವಲ್ಪ ಸ್ವಲ್ಪ ನಡೆಯಿರಿ. ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ನೋವು ಹಿಡಿತಕ್ಕೆ ಬಂದ ಮೇಲೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡಿ. ಕುಕ್ಕರಗಾಲಲ್ಲಿ ಮುಂದಕ್ಕೆ ಬಾಗಿ ಹಾಲು ಕರೆಯುವ ಬದಲು ಎತ್ತರದ ಮಣೆಯೋ ಸ್ಟೂಲೋ ಇಟ್ಟುಕೊಂಡು ಹಸುವಿಗೆ ಆದಷ್ಟು ಹತ್ತಿರ ಕೂತುಕೊಳ್ಳಿ. ಸೆಗಣಿ, ಹುಲ್ಲು, ಮೂಟೆ ಮೂರನ್ನೂ ಈ ಆರು ವಾರ ಬೇರೆಯವರು ಎತ್ತಲಿ.

ಬೆಲ್ಟ್ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಓಡಾಡುವಾಗ ಸ್ವಲ್ಪ ಆಸರೆ ಅಷ್ಟೇ. ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ. ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ಬಿಪಿ, ಶುಗರ್ ಇರುವವರು, ಬಸುರಿ-ಬಾಣಂತಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ಆರಾಮ ಕೊಡುತ್ತದೆ. ಅದು ಡಿಸ್ಕನ್ನು ಸರಿ ಮಾಡುವುದಿಲ್ಲ, ಕಾಯುವ ಶಕ್ತಿ ಕೊಡುತ್ತದೆ.

ಕಾಯ್ದೂ ಆಗಲಿಲ್ಲ, ಈಗ?

ಇಲ್ಲಿಂದ ಮುಂದಿನದು ನಿಜವಾದ ಆಯ್ಕೆ. ಡಿಸ್ಕ್ ಹೀಗೆ ನರ ಒತ್ತುತ್ತದೆ, ಅದನ್ನು ತೆಗೆದರೆ ನೋವು ಹೋಗುತ್ತದೆ ಎಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಬರೆದದ್ದು 1934ರಲ್ಲಿ. ಅಂದಿನಿಂದ ಈ ಆಪರೇಷನ್ ನಡೆಯುತ್ತಲೇ ಇದೆ. ಯಾರಿಗೆ, ಯಾವಾಗ ಎನ್ನುವುದು ಮಾತ್ರ ಇತ್ತೀಚಿನ ಅಧ್ಯಯನಗಳಿಂದ ಸ್ಪಷ್ಟವಾಗುತ್ತಿದೆ.

ನೆದರ್‌ಲ್ಯಾಂಡ್ಸ್ ದೇಶದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನ ನಮಗೆ ಬಹಳ ಉಪಯುಕ್ತ. ಆರರಿಂದ ಹನ್ನೆರಡು ವಾರ ತೀವ್ರ ಕಾಲು ನೋವಿದ್ದ 283 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದು ಗುಂಪು ಮಾತ್ರೆ-ವ್ಯಾಯಾಮದಲ್ಲಿ ಕಾಯುವುದು, ತಡೆಯಲಾಗದಿದ್ದರೆ ಮಾತ್ರ ಆಪರೇಷನ್. ಬೇಗ ಮಾಡಿಸಿಕೊಂಡವರು ಸುಮಾರು ನಾಲ್ಕು ವಾರಕ್ಕೆ ಚೇತರಿಸಿಕೊಂಡರು. ಕಾದವರಿಗೆ ಹನ್ನೆರಡು ವಾರ ಹಿಡಿಯಿತು. ಆದರೆ ವರ್ಷ ತುಂಬಿದಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಗುಣವಾಗಿದ್ದರು. ಕಾದವರಲ್ಲಿ ನೂರಕ್ಕೆ 39 ಮಂದಿ ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದವರಿಗೆ ಅದು ಬೇಕಾಗಲೇ ಇಲ್ಲ. ಅಂದರೆ ಆಪರೇಷನ್ ಮುಖ್ಯವಾಗಿ ಕೊಡುವುದು ಬೇಗ. ಆ ಎರಡು ತಿಂಗಳ ನೋವಿಗೆ ನಿಮ್ಮ ಮನೆಯಲ್ಲಿ ಎಷ್ಟು ಬೆಲೆ ಎನ್ನುವುದನ್ನು ನೀವೇ ಹೇಳಬೇಕು, ಡಾಕ್ಟರು ಹೇಳಲಾರರು.

ಹಾಗಾದರೆ ಕಾಯುತ್ತಲೇ ಇರಬಹುದೇ? ಅದೂ ಬೇಡ. ಕೆನಡಾದಲ್ಲಿ 2020ರಲ್ಲಿ ಬಂದ ಅಧ್ಯಯನ ನಾಲ್ಕರಿಂದ ಹನ್ನೆರಡು ತಿಂಗಳು ಕಾಲು ನೋವಿನಲ್ಲೇ ಇದ್ದ 128 ಮಂದಿಯದು. ಅಲ್ಲಿ ಆಪರೇಷನ್ ಗುಂಪಿನವರ ನೋವು ಆರು ತಿಂಗಳ ನಂತರ ಹತ್ತರಲ್ಲಿ 2.8ಕ್ಕೆ ಇಳಿದಿತ್ತು, ಆಪರೇಷನ್ ಇಲ್ಲದೆ ಮುಂದುವರಿದ ಗುಂಪಿನಲ್ಲಿ 5.2 ಇತ್ತು. ಮೂರ್ನಾಲ್ಕು ತಿಂಗಳು ಸರಿಯಾಗಿ ನೋಡಿಕೊಂಡರೂ ಕಾಲು ನೋವು ಬಿಡದಿದ್ದರೆ, ರಾತ್ರಿ ನಿದ್ದೆ ಇಲ್ಲ, ನೂರು ಹೆಜ್ಜೆ ನಡೆಯಲಾಗುತ್ತಿಲ್ಲ ಎಂದರೆ, ಹೆದರಿಕೆಯಿಂದ ವರ್ಷಗಟ್ಟಲೆ ತಳ್ಳುವುದು ಜಾಣತನವಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಈ ಆಪರೇಷನ್ ಕಾಲಿಗೆ ಎಳೆಯುವ ನೋವಿಗೆ. ಕಾಲು ನೋವು ಅಷ್ಟಾಗಿ ಇಲ್ಲದೆ ಬರೀ ಸೊಂಟ ನೋಯುವವರಿಗೆ ಇದರಿಂದ ಸಿಗುವ ಪ್ರಯೋಜನ ತೀರ ಅನಿಶ್ಚಿತ. ಮಾಡಿಸಿಕೊಂಡೂ ವಾಸಿಯಾಗಲಿಲ್ಲ ಎನ್ನುವವರ ಕಥೆ ಕೇಳಿದಾಗ, ಅವರಿಗೆ ಮೊದಲು ನೋಯುತ್ತಿದ್ದದ್ದು ಕಾಲೋ ಸೊಂಟವೋ ಎಂದು ಕೇಳಿ ನೋಡಿ.

ಆಪರೇಷನ್ ಎಂದರೆ

ಸಾಮಾನ್ಯ ಡಿಸ್ಕ್ ಆಪರೇಷನ್‌ನಲ್ಲಿ ಬೆನ್ನಿನಲ್ಲಿ ಒಂದು ಸಣ್ಣ ಗಾಯ ಮಾಡಿ, ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪ್‌ನಲ್ಲಿ ನೋಡುತ್ತಾ, ನರ ಒತ್ತಿರುವ ತುಂಡನ್ನಷ್ಟೇ ತೆಗೆಯುತ್ತಾರೆ. ಪೂರ್ತಿ ಡಿಸ್ಕನ್ನಲ್ಲ. ಹೆಚ್ಚಿನವರನ್ನು ಅದೇ ದಿನ ಅಥವಾ ಮಾರನೆಯ ದಿನ ಎಬ್ಬಿಸಿ ನಡೆಸುತ್ತಾರೆ. ಸ್ಕ್ರೂ-ರಾಡ್ ಹಾಕಿ ಮೂಳೆ ಬೆಸೆಯುವುದು ಬೇರೆಯೇ ದೊಡ್ಡ ಆಪರೇಷನ್. ಮೊದಲ ಸಲ ಬಂದ ಸಾದಾ ಡಿಸ್ಕ್ ತೊಂದರೆಗೆ ಅದು ಸಾಮಾನ್ಯವಾಗಿ ಬೇಕಿಲ್ಲ. ಸ್ಕ್ರೂ ಹಾಕುತ್ತೇವೆ ಎಂದರೆ ಏಕೆ ಎಂದು ಬಿಡಿಸಿ ಕೇಳಿ.

"ಕಾಲು ಬಿದ್ದುಹೋಗುತ್ತೆ" ಎಂಬ ಭಯಕ್ಕೆ ಉತ್ತರ: ನರಕ್ಕೆ ಶಾಶ್ವತ ಪೆಟ್ಟು ಆಗುವುದು ಅಪರೂಪ. ಸೋಂಕು, ನರದ ಹೊದಿಕೆ ಹರಿದು ನೀರು ಸೋರುವುದು ಕೆಲವರಲ್ಲಿ ಆಗುತ್ತದೆ, ಹೆಚ್ಚಿನವು ಸರಿ ಮಾಡುವಂಥವು. ಹೆಚ್ಚು ಸಾಧ್ಯತೆ ಇರುವುದು ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಹೊರಬರುವುದು. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಹಾಗಾಗುತ್ತದೆ. ಶುಗರ್ ಇರುವವರು ಅದನ್ನು ಹಿಡಿತಕ್ಕೆ ತಂದುಕೊಂಡೇ ಹೋಗಬೇಕು. ಈಗಾಗಲೇ ಸೋತ ಪಾದದ ಬಲ, ಜೋಮು ನೋವಿನಷ್ಟು ಬೇಗ ಸರಿಹೋಗುವುದಿಲ್ಲ. ಕೆಲವೊಮ್ಮೆ ಪೂರ್ತಿ ಬರುವುದೂ ಇಲ್ಲ.

ಕೊಟ್ಟಿಗೆಯ ಲೆಕ್ಕ

ಆಸ್ಪತ್ರೆಯಲ್ಲಿ ಯಾರೂ ಕೇಳದ ಪ್ರಶ್ನೆ ಇದು: ಹಾಲು ಕರೆಯುವವರು ಯಾರು? ಆಪರೇಷನ್ ಆದ ಮೇಲೆ ಸುಮಾರು ಆರು ವಾರ ಬಗ್ಗಿ ಭಾರ ಎತ್ತುವಂತಿಲ್ಲ. ಹುಲ್ಲಿನ ಹೊರೆ, ಮೂಟೆಯಂಥ ಕೆಲಸಕ್ಕೆ ಮೂರು ತಿಂಗಳಾದರೂ ಬೇಕಾಗಬಹುದು, ನಿಮ್ಮ ಡಾಕ್ಟರು ಒಪ್ಪಿದ ಮೇಲೆಯೇ. ಆಸ್ಪತ್ರೆಯಿಂದ ಬಂದ ಹತ್ತನೇ ದಿನಕ್ಕೆ ಸೆಗಣಿ ಎತ್ತುವ ಸ್ಥಿತಿ ಮನೆಯಲ್ಲಿದ್ದರೆ, ಆ ಸ್ಥಿತಿ ಬದಲಾಗುವವರೆಗೆ ತುರ್ತಿಲ್ಲದ ಆಪರೇಷನ್ ಮಾಡಿಸಬೇಡಿ ಎಂದೇ ನನ್ನ ಸಲಹೆ.

ತುರ್ತಿಲ್ಲದಿದ್ದರೆ ತಾರೀಖು ನಿಮ್ಮ ಕೈಯಲ್ಲಿದೆ. ಗಬ್ಬದ ಹಸುವನ್ನು ಕರು ಹಾಕುವ ಎರಡು ತಿಂಗಳ ಮೊದಲು ಬತ್ತಿಸುತ್ತೀರಲ್ಲ, ಆ ಸಮಯಕ್ಕೆ ಹೊಂದಿಸಿಕೊಳ್ಳಿ. ಕರು ಹಾಕುವ ಹೊತ್ತಿಗೆ ಕರೆಯಲು ಯಾರು ಎಂದು ಮೊದಲೇ ಗೊತ್ತು ಮಾಡಿ. ನಾಲ್ಕು ಹಸು ಇದ್ದರೆ ಹಾಲು ಕಡಿಮೆ ಇರುವ ಒಂದನ್ನು ಮಾರಿ ಮೂರೇ ಇಟ್ಟುಕೊಳ್ಳುವುದು ಸೋಲಲ್ಲ. ನಿಮ್ಮ ಸದಸ್ಯತ್ವದ ನಂಬರಿಗೇ ಗಂಡನೋ ಮಗಳೋ ಹಾಲು ಹಾಕಲಿ, ಬಟವಾಡೆ ನಿಮ್ಮ ಖಾತೆಗೇ ಬರುತ್ತಿರಲಿ ಎಂದು ಕಾರ್ಯದರ್ಶಿಗೆ ಹೇಳಿಡಿ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ರಬ್ಬರ್ ಮ್ಯಾಟ್‌ಗೆ ಈ ವರ್ಷ ಯಾವ ಸಹಾಯಧನ ಇದೆ ಎಂದು ವಿಸ್ತರಣಾಧಿಕಾರಿಯನ್ನು ವಿಚಾರಿಸಿ. ಸೆಗಣಿಗೆ ಒಂದು ತಳ್ಳುಗಾಡಿ ಇದ್ದರೂ ಪುಟ್ಟಿ ಹೊರುವುದು ತಪ್ಪುತ್ತದೆ.

ಈ ಮಾತನ್ನು ಗಂಡ, ಅತ್ತೆ, ಬೆಳೆದ ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡು ಆಡಿ. ಕೊನೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ನೀವು. ಆಪರೇಷನ್ ಮಾಡಿಸುವುದಾಗಲಿ, ಬಿಡುವುದಾಗಲಿ, ಮನೆಯವರು ನಿಮ್ಮನ್ನು ಕೇಳದೆ ತೀರ್ಮಾನಿಸಿದರೆ ಡಾಕ್ಟರರ ಬಳಿ ಒಬ್ಬರೇ ಮಾತಾಡಬೇಕು ಎಂದು ಕೇಳುವ ಹಕ್ಕು ನಿಮಗಿದೆ.

ಖರ್ಚಿನ ಮಾತು

ಹೊಲ ಅಡವಿಡುವ ಮೊದಲು ಕಾರ್ಡು ಹುಡುಕಿ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಶುರುವಾಗಿ, ನಡುವೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿ ಯೋಜನೆ ನಮ್ಮ ಸಂಘದ ಸದಸ್ಯರಿಗೂ ಇದೆ. ನೋಂದಣಿಗೆ ವರ್ಷದಲ್ಲಿ ಕೆಲವೇ ದಿನ ಅವಕಾಶ. ನೋವು ಬಂದ ಮೇಲೆ ಓಡಿದರೆ ಸಿಗದಿರಬಹುದು, ಆದ್ದರಿಂದ ಕಾರ್ಯದರ್ಶಿ ಪ್ರಕಟಣೆ ಹಾಕಿದ ದಿನವೇ ಹೆಸರು ಬರೆಸಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಬೇಕಾದರೆ ಅಲ್ಲಿಂದ ಶಿಫಾರಸು ಪತ್ರ ಪಡೆಯಬೇಕು. ನಿಮಗೆ ಹೇಳಿರುವ ಆಪರೇಷನ್ ಯಾವ ಯೋಜನೆಯಲ್ಲಿ, ಯಾವ ಆಸ್ಪತ್ರೆಯಲ್ಲಿ ಆಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್, ಸಂಜಯ ಗಾಂಧಿ ಆಸ್ಪತ್ರೆಗಳಂಥ ಸರ್ಕಾರಿ ಸಂಸ್ಥೆಗಳಲ್ಲೂ ಬೆನ್ನುಮೂಳೆಯ ಆಪರೇಷನ್ ನಡೆಯುತ್ತದೆ. ಸರದಿ ಉದ್ದ ಇರಬಹುದು. ತುರ್ತಿಲ್ಲದವರಿಗೆ ಆ ಸರದಿಯೇ ಕಾದು ನೋಡುವ ಸಮಯವೂ ಹೌದು. ಸರದಿ ಬರುವಷ್ಟರಲ್ಲಿ ನೋವು ಇಳಿದಿದ್ದರೆ ಹಾಗೆಂದು ಹೇಳಿ ಬನ್ನಿ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಎಂಆರ್‌ಐ ಫಿಲಂ ಅಥವಾ ಸಿ.ಡಿ., ಅದರ ವರದಿ, ಹಳೆಯ ಚೀಟಿಗಳು, ತೆಗೆದುಕೊಂಡ ಮಾತ್ರೆಗಳ ಹಾಳೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಫಿಲಂ ಮತ್ತು ವರದಿ ನಿಮ್ಮವು. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರೆ ಕೇಳಿ ಪಡೆಯಿರಿ. ನೋವು ಶುರುವಾದ ತಾರೀಖು, ಯಾವ ಕಾಲು, ಎಲ್ಲಿಯವರೆಗೆ ಎಳೆಯುತ್ತದೆ, ಮೊದಲ ವಾರಕ್ಕಿಂತ ಈಗ ಹೆಚ್ಚೋ ಕಡಿಮೆಯೋ ಎಂದು ಹಾಲಿನ ಪಾಸ್ ಪುಸ್ತಕದ ಹಿಂಬದಿಯಲ್ಲಾದರೂ ಬರೆದುಕೊಂಡು ಹೋಗಿ.